ದೊಡ್ಡವರಾದ ಮೇಲೆ ಬಯಾಥ್ಲಾನ್ ಕಲಿಯುವುದು: ಯಾವುದು ಮೊದಲು, ಯಾವುದು ಆಮೇಲೆ

ಚಳಿಗಾಲದಲ್ಲಿ ಟಿವಿಯಲ್ಲಿ ಬಯಾಥ್ಲಾನ್ ಶುರುವಾದ ಕೂಡಲೇ ಅದೇ ಪ್ರಶ್ನೆಗಳು ಮತ್ತೆ ಬರುತ್ತವೆ. ‘ನನಗೆ ನಲವತ್ತು ಹತ್ತಿರ. ಹಿಮ ನೋಡಿದ್ದೇ ಈ ದೇಶಕ್ಕೆ ಬಂದ ಮೇಲೆ. ಬಂದೂಕು ಮುಟ್ಟಿಯೇ ಇಲ್ಲ. ಈಗ ಕಲಿಯೋಕೆ ಆಗುತ್ತಾ? ಯಾವ ರೈಫಲ್ ತಗೊಳ್ಳಲಿ?’

ಖಂಡಿತ ಆಗುತ್ತದೆ. ರೈಫಲ್ ಮಾತ್ರ ಸದ್ಯಕ್ಕೆ ಯಾವುದೂ ಬೇಡ. ಹೊಸಬರು ಎಡವುವುದು ಇಲ್ಲೇ. ಕಣ್ಣು ಸೆಳೆಯುವುದು ರೈಫಲ್, ಹಾಗಾಗಿ ಅದರಿಂದಲೇ ಶುರು ಮಾಡಲು ಹೊರಡುತ್ತಾರೆ. ಮಲಗಿಕೊಂಡು ಗುರಿ ಹೊಡೆಯುವುದನ್ನು ಒಳ್ಳೆಯ ತರಬೇತುದಾರರಿದ್ದರೆ ಕೆಲವೇ ವಾರಾಂತ್ಯಗಳಲ್ಲಿ ಒಂದು ಮಟ್ಟಕ್ಕೆ ಕಲಿಯಬಹುದು. ಸ್ಕೀ ಹಾಕಿಕೊಂಡು ಬೀಳದೆ ಏರು ಹತ್ತುವುದಕ್ಕೆ ಒಂದಿಡೀ ಚಳಿಗಾಲ ಬೇಕು. ಆದ್ದರಿಂದ ಕಾಲು ಮೊದಲು, ಕೋವಿ ಆಮೇಲೆ. ಕೆಳಗಿನ ಹಂತಗಳು ಈ ಕ್ರಮದಲ್ಲೇ ಇವೆ. ಪ್ರಶ್ನೆ ಕೇಳುವವರು ಹೆಚ್ಚಿನವರು ಅಮೆರಿಕದಲ್ಲಿ ಇರುವವರು, ಹಾಗಾಗಿ ಅಲ್ಲಿನ ವಿಷಯ ಜಾಸ್ತಿ ಇದೆ. ಕೆನಡಾ, ಜರ್ಮನಿಯವರಿಗೂ ಬೇಕಾದಷ್ಟು ಸೇರಿಸಿದ್ದೇನೆ.

ಆಟ ಏನು ಅಂತ ಮೊದಲು ತಿಳಿಯೋಣ

ಬಯಾಥ್ಲಾನ್ ಅಂದರೆ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಮತ್ತು ರೈಫಲ್ ಶೂಟಿಂಗ್ ಸೇರಿದ ಸ್ಪರ್ಧೆ. ಲಿಫ್ಟ್ ಹತ್ತಿ ಬೆಟ್ಟದಿಂದ ಇಳಿಯುವ ಸ್ಕೀಯಿಂಗ್ ಇದಲ್ಲ. ಸಮತಟ್ಟು, ಏರು, ಇಳಿಜಾರು ಎಲ್ಲವನ್ನೂ ನಿಮ್ಮ ಕಾಲು ಮತ್ತು ತೋಳಿನ ಬಲದಲ್ಲೇ ದಾಟಬೇಕು. ನಡುನಡುವೆ ರೇಂಜಿಗೆ, ಅಂದರೆ ಗುರಿ ಹೊಡೆಯುವ ಜಾಗಕ್ಕೆ, ಬಂದು 50 ಮೀಟರ್ ದೂರದ ಐದು ಕಪ್ಪು ಬಿಲ್ಲೆಗಳಿಗೆ ಐದು ಗುಂಡು ಹೊಡೆಯಬೇಕು. ಕೆಲವು ಸಲ ಮಲಗಿ, ಕೆಲವು ಸಲ ನಿಂತು.

ಎರಡು ಭಂಗಿಯಲ್ಲೂ ಕಣ್ಣಿಗೆ ಕಾಣುವ ಕಪ್ಪು 115 ಮಿಲಿಮೀಟರ್ ಅಗಲವೇ. ನಿಂತು ಹೊಡೆಯುವಾಗ ಅದರಲ್ಲಿ ಎಲ್ಲಿ ತಗುಲಿದರೂ ಸರಿ. ಮಲಗಿ ಹೊಡೆಯುವಾಗ ಮಾತ್ರ ನಟ್ಟನಡುವಿನ 45 ಮಿಲಿಮೀಟರ್‌ನೊಳಗೆ ತಗುಲಬೇಕು. ತಪ್ಪಿದ ಒಂದೊಂದು ಬಿಲ್ಲೆಗೂ 150 ಮೀಟರ್ ಉದ್ದದ ಪೆನಾಲ್ಟಿ ಲೂಪ್, ಅಂದರೆ ದಂಡದ ಸುತ್ತು, ಒಂದು ಹಾಕಬೇಕು. ‘ಇಂಡಿವಿಜುವಲ್’ ಎಂಬ ಸ್ಪರ್ಧೆಯಲ್ಲಿ ಸುತ್ತಿನ ಬದಲು ನಿಮ್ಮ ಸಮಯಕ್ಕೆ ಒಂದು ನಿಮಿಷ ಸೇರಿಸುತ್ತಾರೆ.

ಇದು ಸೈನಿಕರ ಹಿಮ ಗಸ್ತಿನಿಂದ ಬಂದ ಆಟ. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಒಲಿಂಪಿಕ್ಸ್‌ಗೆ ಸೇರಿತು. ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1992ರಲ್ಲಿ. ಮೊದಲೆಲ್ಲ ಸೈನ್ಯದ ದೊಡ್ಡ ರೈಫಲ್ ಬಳಸುತ್ತಿದ್ದರು. 1978ರಲ್ಲಿ .22 ರೈಫಲ್ಲಿಗೆ, 50 ಮೀಟರಿಗೆ ಬದಲಾಯಿತು. ಹೊಸಬರಿಗೆ ಈ ಬದಲಾವಣೆಯೇ ದೊಡ್ಡ ಉಪಕಾರ. .22 ತೋಟಾ ಚಿಕ್ಕದು, ಭುಜಕ್ಕೆ ಒದೆತ ಇಲ್ಲವೆಂದೇ ಹೇಳಬೇಕು. ಭಯಪಡದೆ ಕಲಿಯಬಹುದು.

ಹಂತ 1: ಕ್ಲಬ್ ಹುಡುಕಿ

ಒಬ್ಬರೇ ಕಲಿಯುವ ಆಟ ಇದಲ್ಲ. ರೇಂಜ್ ಬೇಕು, ಸಾಲ ಕೊಡುವ ರೈಫಲ್ ಬೇಕು, ಪಕ್ಕದಲ್ಲಿ ನಿಂತು ನೋಡುವ ಅನುಭವಿ ಬೇಕು. ಮೂರೂ ಸಿಗುವುದು ಕ್ಲಬ್ಬಿನಲ್ಲಿ.

ಅಮೆರಿಕದಲ್ಲಿ ಈ ಆಟವನ್ನು ನೋಡಿಕೊಳ್ಳುವ ಸಂಸ್ಥೆ ಯುಎಸ್ ಬಯಾಥ್ಲಾನ್. ಅವರ ಕ್ಲಬ್ ಪಟ್ಟಿಯಿಂದಲೇ ಹುಡುಕಾಟ ಶುರು ಮಾಡಿ. ವರ್ಮಾಂಟ್‌ನ ಕ್ರಾಫ್ಟ್ಸ್‌ಬರಿ ಮತ್ತು ಜೆರಿಕೊ, ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್, ಮಿನ್ನೆಸೋಟದ ಮೌಂಟ್ ಇಟಾಸ್ಕ, ಮೊಂಟಾನದ ಬೋಝ್‌ಮನ್, ಯೂಟಾದ ಸೋಲ್ಜರ್ ಹಾಲೋ ಈ ಆಟದ ಹೆಸರಾಂತ ಜಾಗಗಳು. ಲೇಕ್ ಪ್ಲಾಸಿಡ್‌ನಲ್ಲಿ 1980ರ, ಸೋಲ್ಜರ್ ಹಾಲೋದಲ್ಲಿ 2002ರ ಒಲಿಂಪಿಕ್ ಸ್ಪರ್ಧೆಗಳು ನಡೆದಿವೆ. ಕೆನಡಾದಲ್ಲಿ ಕ್ಯಾಲ್ಗರಿಯ ಹತ್ತಿರದ ಕ್ಯಾನ್‌ಮೋರ್, ಪಶ್ಚಿಮದಲ್ಲಿ ವಿಸ್ಲರ್. ಜರ್ಮನಿಯಲ್ಲಿ ರೂಪೋಲ್ಡಿಂಗ್ ಮತ್ತು ಓಬರ್‌ಹೋಫ್. ಮ್ಯೂನಿಕ್‌ನಲ್ಲಿ ಇರುವವರಿಗೆ ರೂಪೋಲ್ಡಿಂಗ್ ದೂರವೇನಲ್ಲ.

ಕ್ಲಬ್ಬಿಗೆ ಬರೆಯುವಾಗ ನಾಲ್ಕು ವಿಷಯ ನೇರವಾಗಿ ಕೇಳಿ: ಹೊಸಬರ ಕ್ಲಿನಿಕ್, ಅಂದರೆ ಒಂದೆರಡು ದಿನದ ಪರಿಚಯ ತರಬೇತಿ, ಯಾವಾಗ? ರೈಫಲ್ ಅಲ್ಲೇ ಕೊಡುತ್ತೀರಾ? ದೊಡ್ಡವರಿಗೂ ಕಲಿಸುತ್ತೀರಾ, ಮಕ್ಕಳಿಗೆ ಮಾತ್ರವಾ? ಸ್ಕೀಯಿಂಗ್ ಎಷ್ಟು ಬಂದಿರಬೇಕು?

ಎಚ್ಚರಿಕೆ: ಡಿಸೆಂಬರ್‌ನಲ್ಲಿ ಹುಡುಕಲು ಹೊರಟರೆ ತಡವಾಗಿರುತ್ತದೆ. ಸುರಕ್ಷತಾ ತರಬೇತಿಯನ್ನು ಹಲವು ಕ್ಲಬ್ಬುಗಳು ಹಿಮ ಬೀಳುವ ಮುಂಚೆಯೇ ಮುಗಿಸುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಬರೆಯಿರಿ.

ಹಂತ 2: ಕಾನೂನು ತಿಳಿದುಕೊಳ್ಳಿ. ಇದನ್ನು ದಾಟಿ ಹೋಗಬೇಡಿ

ನಮ್ಮವರಿಗೆ ಈ ಹಂತ ಬೇರೆ ಎಲ್ಲಕ್ಕಿಂತ ಮುಖ್ಯ. ಸ್ಥಳೀಯರು ಬರೆದ ಮಾರ್ಗದರ್ಶಿಗಳಲ್ಲಿ ಈ ಮಾತು ಇರುವುದೇ ಇಲ್ಲ, ಏಕೆಂದರೆ ಅವರಿಗೆ ಇದು ಬೇಕಾಗಿಲ್ಲ.

ಅಮೆರಿಕದಲ್ಲಿ ನೀವು ಎಚ್-1ಬಿ, ಎಚ್-4, ಎಲ್-1, ಎಫ್-1 ತರಹದ ನಾನ್‌ಇಮಿಗ್ರಂಟ್ ವೀಸಾದಲ್ಲಿ, ಅಂದರೆ ತಾತ್ಕಾಲಿಕ ವೀಸಾದಲ್ಲಿ ಇದ್ದರೆ, ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಮತ್ತು ತೋಟಾ ಹೊಂದುವುದು ಅಪರಾಧ. ‘ಹೊಂದುವುದು’ ಎಂದರೆ ಕೊಳ್ಳುವುದು ಮಾತ್ರ ಅಂದುಕೊಳ್ಳಬೇಡಿ. ರೇಂಜಿನಲ್ಲಿ ಬೇರೆಯವರ ರೈಫಲ್ ಕೈಯಲ್ಲಿ ಹಿಡಿದು ಹೊಡೆದರೂ ಅದು ಇದರಲ್ಲಿ ಬರಬಹುದು. ಆಟ, ಬಾಡಿಗೆ, ಹತ್ತು ನಿಮಿಷ ಅಷ್ಟೇ ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ವೀಸಾ, ಮುಂದಿನ ಗ್ರೀನ್ ಕಾರ್ಡ್ ಎರಡಕ್ಕೂ ಕುತ್ತು.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಹೆಚ್ಚಿನವರಿಗೆ ಅನ್ವಯಿಸುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್, ಅಂದರೆ ಬೇಟೆ ಪರವಾನಗಿ, ನಿಮ್ಮ ಹತ್ತಿರ ಇರಬೇಕು. ಲೈಸೆನ್ಸ್ ತೆಗೆದುಕೊಂಡ ಮಾತ್ರಕ್ಕೆ ಬೇಟೆಗೆ ಹೋಗಲೇಬೇಕು ಎಂದೇನಿಲ್ಲ, ಮನೆಯಲ್ಲಿ ಮುಜುಗರಪಡುವವರಿಗಾಗಿ ಈ ಮಾತು ಹೇಳಿದೆ. ಹಲವು ರಾಜ್ಯಗಳಲ್ಲಿ ಅದಕ್ಕೆ ಮೊದಲು ಹಂಟರ್ ಎಜುಕೇಶನ್ ಎಂಬ ಕೋರ್ಸ್ ಮುಗಿಸಬೇಕು. ಆ ಕೋರ್ಸಿನ ಹೆಚ್ಚಿನ ಭಾಗ ಬಂದೂಕಿನ ಸುರಕ್ಷತೆಯೇ, ಹಾಗಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ಇದರ ಮೇಲೆ ರಾಜ್ಯಗಳ ಕಾನೂನು ಬೇರೆ ಇರುತ್ತದೆ. ಮೊದಲು ವಲಸೆ ವಕೀಲರೊಬ್ಬರ ಹತ್ತಿರ ಮಾತಾಡಿ, ಅವರ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ, ಆಮೇಲೆ ರೈಫಲ್ ಮುಟ್ಟಿ. ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ನಾಗರಿಕರಿಗೆ ಈ ನಿರ್ಬಂಧ ಇಲ್ಲ.

ಕೆನಡಾದಲ್ಲಿ ಸ್ವಂತ ರೈಫಲ್ ಬೇಕಾದರೆ ಪಿಎಎಲ್ ಎಂಬ ಲೈಸೆನ್ಸ್ ಬೇಕು. ಅದಕ್ಕೆ ಸರ್ಕಾರದ ಸುರಕ್ಷತಾ ಕೋರ್ಸ್ ಇದೆ. ಲೈಸೆನ್ಸ್ ಇರುವವರ ನೇರ ಮೇಲ್ವಿಚಾರಣೆಯಲ್ಲಿ, ಅವರು ಪಕ್ಕದಲ್ಲೇ ಇದ್ದಾಗ, ಲೈಸೆನ್ಸ್ ಇಲ್ಲದವರೂ ಹೊಡೆಯಬಹುದು. ಜರ್ಮನಿಯಲ್ಲೂ ಅನುಮತಿ ಇರುವ ರೇಂಜಿನಲ್ಲಿ ಮೇಲ್ವಿಚಾರಣೆಯೊಂದಿಗೆ ಹೊಡೆಯಲು ಸ್ವಂತ ಲೈಸೆನ್ಸ್ ಬೇಡ. ಸ್ವಂತ ರೈಫಲ್ ಬೇಕೆಂದರೆ ಮಾತ್ರ ಕನಿಷ್ಠ ಹನ್ನೆರಡು ತಿಂಗಳು ಕ್ಲಬ್ ಸದಸ್ಯರಾಗಿ ತಪ್ಪದೆ ಅಭ್ಯಾಸ ಮಾಡಿರಬೇಕು.

ಕೊಡಗಿನವರಿಗೆ ಒಂದು ಮಾತು. ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರಿಗೆ ಕೋವಿ ಹೊಸದಲ್ಲ. ಆ ಕೈ, ಆ ಶಿಸ್ತು ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಆದರೆ ಊರಿನಲ್ಲಿರುವ ಲೈಸೆನ್ಸ್ ವಿನಾಯಿತಿ ಭಾರತದ ಗಡಿಯೊಳಗೆ ಮಾತ್ರ. ಹೊರದೇಶದಲ್ಲಿ ನೀವೂ ಎಲ್ಲರಂತೆಯೇ.

ಹಂತ 3: ಸ್ಕೇಟ್ ಸ್ಕೀಯಿಂಗ್ ಕಲಿಯಿರಿ

ಕ್ರಾಸ್‌ಕಂಟ್ರಿಯಲ್ಲಿ ಎರಡು ಶೈಲಿ ಇವೆ. ‘ಕ್ಲಾಸಿಕ್’ನಲ್ಲಿ ಎರಡು ಸ್ಕೀಗಳೂ ಹಿಮದಲ್ಲಿ ಕೊರೆದ ಜಾಡಿನಲ್ಲಿ ನೇರವಾಗಿ ಮುಂದೆ ಜಾರುತ್ತವೆ. ‘ಸ್ಕೇಟ್’ನಲ್ಲಿ ಸ್ಕೀಗಳನ್ನು ವಿ ಆಕಾರದಲ್ಲಿ ಇಟ್ಟು ಪಕ್ಕಕ್ಕೆ ಒತ್ತಿ ಒಂದೊಂದರ ಮೇಲೆ ಜಾರುತ್ತಾ ಹೋಗಬೇಕು. ಬಯಾಥ್ಲಾನ್‌ನಲ್ಲಿ ಎಲ್ಲರೂ ಸ್ಕೇಟ್ ಮಾಡುತ್ತಾರೆ, ಏಕೆಂದರೆ ಅದು ವೇಗ.

ಹಿಮವೇ ಹೊಸದಾದವರು ಮೊದಲು ಒಂದೆರಡು ದಿನ ಕ್ಲಾಸಿಕ್ ಸ್ಕೀಯಲ್ಲಿ ಓಡಾಡಿ. ಕಾಲಿಗೆ ಜಾರುವ ಅಭ್ಯಾಸ ಆಗಲಿ. ಆಮೇಲೆ ಸ್ಕೇಟ್ ಪಾಠಕ್ಕೆ ದುಡ್ಡು ಕೊಟ್ಟು ಸೇರಿ. ವಿಡಿಯೋ ನೋಡಿ ಕಲಿಯುತ್ತೇನೆ ಅನ್ನುವವರು ಬಹಳ. ತಪ್ಪು ಚಲನೆ ಒಮ್ಮೆ ಮೈಗೆ ಹತ್ತಿತೆಂದರೆ ಬಿಡಿಸಲು ಎರಡರಷ್ಟು ಕಷ್ಟ.

ಇಡೀ ಶೈಲಿಯ ಗುಟ್ಟು ಒಂದೇ: ಮೈಭಾರ ಪೂರ್ತಿಯಾಗಿ ಒಂದು ಸ್ಕೀಯಿಂದ ಇನ್ನೊಂದಕ್ಕೆ ಹೋಗಬೇಕು. ಹೊಸಬರು ಬೀಳುವ ಭಯಕ್ಕೆ ಭಾರವನ್ನು ನಡುವೆಯೇ ಇಟ್ಟುಕೊಳ್ಳುತ್ತಾರೆ. ಆಗ ಸ್ಕೀ ಜಾರುವುದಿಲ್ಲ, ತೊಡೆ ಮಾತ್ರ ಸುಟ್ಟ ಹಾಗೆ ಉರಿಯುತ್ತದೆ. ಕೋಲು ಬಿಟ್ಟು ಅಭ್ಯಾಸ ಮಾಡಿ. ಒಂದು ಸ್ಕೀ ಮೇಲೆ ಎಷ್ಟು ದೂರ ಜಾರಿ ನಿಲ್ಲಬಲ್ಲಿರಿ, ನೋಡಿಕೊಳ್ಳಿ. ಕೋಲಿಲ್ಲದೆ ಸಮತಟ್ಟಿನಲ್ಲಿ ಹಾಯಾಗಿ ಹೋಗಲು ಬಂದಾಗ ಕೋಲು ಹಿಡಿಯಿರಿ. ಕೋಲಿನಲ್ಲಿ ಎರಡು ಮುಖ್ಯ ಲಯ. ‘ವಿ-1’ರಲ್ಲಿ ಎರಡು ಹೆಜ್ಜೆಗೆ ಒಮ್ಮೆ ಕೋಲು ಊರಬೇಕು, ಇದು ಏರಿಗೆ. ‘ವಿ-2’ರಲ್ಲಿ ಪ್ರತಿ ಹೆಜ್ಜೆಗೂ ಊರಬೇಕು, ಇದು ಸಮತಟ್ಟಿಗೆ. ವಿ-2 ಬರಲು ತಡವಾಗುತ್ತದೆ, ಬೇಸರ ಬೇಡ.

ಇಳಿಜಾರಿಗೆ ‘ಸ್ನೋಪ್ಲೋ’ ಕಲಿಯಲೇಬೇಕು. ಸ್ಕೀಯ ಹಿಂತುದಿ ಅಗಲಿಸಿ, ಮುಂತುದಿ ಹತ್ತಿರ ತಂದು ವೇಗ ತಡೆಯುವುದು ಅದು. ಕ್ರಾಸ್‌ಕಂಟ್ರಿ ಸ್ಕೀಗೆ ಆಲ್ಪೈನ್, ಅಂದರೆ ಬೆಟ್ಟ ಇಳಿಯುವ ಸ್ಕೀಯಲ್ಲಿರುವಂಥ ಉಕ್ಕಿನ ಅಂಚು ಇಲ್ಲ. ಸ್ನೋಪ್ಲೋ ಬರದೆ ಯಾವ ಟ್ರೇಲಿಗೂ ಹೋಗಬೇಡಿ.

ಸಾಮಾನು: ಮೊದಲ ಚಳಿಗಾಲ ಬಾಡಿಗೆಗೆ ತನ್ನಿ. ಕೊಳ್ಳುವಾಗ ಸ್ಕೀ ಆರಿಸಬೇಕಾದ್ದು ನಿಮ್ಮ ಎತ್ತರಕ್ಕಿಂತ ಹೆಚ್ಚಾಗಿ ನಿಮ್ಮ ತೂಕ ನೋಡಿ. ಅಂಗಡಿಯವರು ತೂಕ ಕೇಳದಿದ್ದರೆ ನೀವೇ ಹೇಳಿ. ಸ್ಕೇಟ್ ಕೋಲು ಗದ್ದದಿಂದ ತುಟಿಯವರೆಗಿನ ಎತ್ತರಕ್ಕೆ ಬರಬೇಕು. ಬೂಟು ಮತ್ತು ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಕಚ್ಚಿಸುವ ಕೊಂಡಿ, ಒಂದೇ ಬಗೆಯವು ಇರಬೇಕು. ಹಳೆಯ ಸಾಮಾನು ಅಗ್ಗಕ್ಕೆ ಸಿಕ್ಕಿತೆಂದು ತಂದು, ಬೂಟು ಕೂರದೆ ಮೂಲೆಗೆ ಹಾಕಿದವರು ಸುಮಾರು ಜನ ಇದ್ದಾರೆ. ಸ್ಕೀ ಅಡಿಗೆ ಹಚ್ಚುವ ಮೇಣ ಫ್ಲೋರಿನ್ ಇಲ್ಲದ್ದೇ ಇರಲಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2023-24ರ ಋತುವಿನಿಂದ ಫ್ಲೋರಿನ್ ಮೇಣ ನಿಷೇಧ.

ಎಚ್ಚರಿಕೆ: ಸ್ಕೇಟ್ ಸ್ಕೀಯಿಂಗ್ ಎದೆಬಡಿತವನ್ನು ತಟ್ಟನೆ ಏರಿಸುತ್ತದೆ. ಶುರುವಿನಲ್ಲಿ ಚಿಕ್ಕ ಏರಿಗೂ ಉಸಿರು ಕಟ್ಟುತ್ತದೆ. ನಮ್ಮ ಕಡೆಯವರಿಗೆ ಹೃದಯದ ತೊಂದರೆ ಚಿಕ್ಕ ವಯಸ್ಸಿಗೇ ಬರುವುದು ಗೊತ್ತಿರುವ ಸಂಗತಿ. ನಲವತ್ತು ದಾಟಿದ್ದರೆ, ಬಿಪಿ, ಸಕ್ಕರೆ ಇದ್ದರೆ, ಮೊದಲು ಡಾಕ್ಟರ ಹತ್ತಿರ ತೋರಿಸಿಕೊಂಡು ಬನ್ನಿ. ಚಳಿ ಗಾಳಿಗೆ ಉಬ್ಬಸ ಬರುವವರೂ ಕೇಳಿಕೊಳ್ಳಿ.

ಹಂತ 4: ಬಟ್ಟೆ

ಇದರಲ್ಲಿ ಹೇಳುವುದು ಕಡಿಮೆ. ಹತ್ತಿ ಬಟ್ಟೆ ಬೇಡ, ಬೆವರು ಹೀರಿ ಒದ್ದೆಯಾಗಿ ಮೈ ಕೊರೆಯುತ್ತದೆ. ತೆಳ್ಳಗಿನ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಗೆ, ಗಾಳಿ ತಡೆಯುವ ಜಾಕೆಟ್ ಮೇಲೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ನಮ್ಮವರು ಜಾಸ್ತಿ ಹೊದ್ದು ಹೊರಟು ಹತ್ತು ನಿಮಿಷಕ್ಕೆ ಬೆವರಿ, ರೇಂಜಿನಲ್ಲಿ ನಿಂತಾಗ ನಡುಗುತ್ತಾರೆ. ಕೈಗವಸು ಟ್ರಿಗರ್ ಮೇಲಿನ ಬೆರಳಿಗೆ ತಿಳಿಯುವಷ್ಟು ತೆಳ್ಳಗಿರಲಿ. ಕಾಯುವಾಗ ಹಾಕಿಕೊಳ್ಳಲು ದಪ್ಪದ್ದು ಬೇರೆ ಇಟ್ಟುಕೊಳ್ಳಿ.

ಹಂತ 5: ಸುರಕ್ಷತಾ ತರಬೇತಿ

ಇದನ್ನು ಮುಗಿಸದೆ ಯಾವ ಒಳ್ಳೆಯ ಕ್ಲಬ್ಬೂ ನಿಮ್ಮನ್ನು ರೇಂಜಿನಲ್ಲಿ ಬಿಡುವುದಿಲ್ಲ. ಬಿಟ್ಟರೆ ಆ ಕ್ಲಬ್ ಬೇಡ.

ರೈಫಲ್ಲಿನ ಪರಿಚಯ ಮೊದಲು. ‘ಬೋಲ್ಟ್’ ಎಂದರೆ ತೋಟಾವನ್ನು ಒಳಗೆ ದೂಡುವ, ಖಾಲಿ ಕೋಶವನ್ನು ಹೊರಗೆ ಹಾಕುವ ಭಾಗ. ಪ್ರತಿ ಗುಂಡಿಗೂ ಕೈಯಿಂದಲೇ ಅದನ್ನು ಹಿಂದೆ ಮುಂದೆ ಮಾಡಬೇಕು, ತಾನಾಗಿ ತುಂಬಿಕೊಳ್ಳುವ ರೈಫಲ್ ಇಲ್ಲಿ ನಡೆಯುವುದಿಲ್ಲ. ‘ಮ್ಯಾಗಝೀನ್’ ಐದು ತೋಟಾ ಹಿಡಿಯುವ ಚಿಕ್ಕ ಪೆಟ್ಟಿಗೆ. ‘ಡಯಾಪ್ಟರ್’ ಕಣ್ಣಿನ ಹತ್ತಿರದ, ಸಣ್ಣ ತೂತಿರುವ ಗುರಿಸಾಧನ. ದೂರದರ್ಶಕದಂತೆ ದೊಡ್ಡದು ಮಾಡಿ ತೋರಿಸುವ ಸ್ಕೋಪ್‌ಗೆ ಅವಕಾಶವಿಲ್ಲ. ಸ್ಪರ್ಧೆಯ ರೈಫಲ್ ಕನಿಷ್ಠ ಮೂರೂವರೆ ಕಿಲೋ ತೂಗಬೇಕು, ಟ್ರಿಗರ್ ಕನಿಷ್ಠ 500 ಗ್ರಾಂ ಒತ್ತಡಕ್ಕೆ ಬೀಳಬೇಕು.

ನಿಯಮಗಳು ಕೆಲವೇ. ಆದರೆ ಅವಕ್ಕೆ ರಿಯಾಯಿತಿ ಇಲ್ಲ.

ನಳಿಗೆ ಯಾವಾಗಲೂ ಗುರಿಯ ಕಡೆಗೆ, ಇಲ್ಲವೇ ನೇರ ಆಕಾಶಕ್ಕೆ. ಖಾಲಿ ಇದೆ ಎಂದು ಗೊತ್ತಿದ್ದರೂ ಹಾಗೇ. ಹೊಡೆಯದೆ ಇರುವಾಗ ಬೋಲ್ಟ್ ತೆರೆದಿರಬೇಕು, ಮ್ಯಾಗಝೀನ್ ಹೊರಗಿರಬೇಕು. ಗುರಿ ಕೂಡುವವರೆಗೆ ಬೆರಳು ಟ್ರಿಗರ್ ಹೊರಗೆ. ತೋಟಾ ತುಂಬುವುದು ರೇಂಜಿನಲ್ಲಿ ಹಾಸಿರುವ ಮ್ಯಾಟ್ ಮೇಲೆ, ನಳಿಗೆ ಗುರಿಯ ಕಡೆ ಇರುವಾಗ ಮಾತ್ರ. ರೇಂಜ್ ಅಧಿಕಾರಿ ‘ಸೀಸ್ ಫೈರ್’ ಎಂದರೆ ಅರ್ಧ ಉಸಿರಿನಲ್ಲೂ ನಿಲ್ಲಿಸಬೇಕು. ಗುಂಡು ಹಾರದೆ ಸಿಕ್ಕಿಕೊಂಡರೆ ರೈಫಲ್ ತಿರುಗಿಸಿ ನೋಡಬೇಡಿ. ನಳಿಗೆ ಮುಂದಕ್ಕೇ ಇಟ್ಟು ಕೈ ಎತ್ತಿ.

ಹೊಸಬರು ಮಾಡುವ ದೊಡ್ಡ ತಪ್ಪು ಪಕ್ಕದವರ ಮಾತು ಕೇಳಲು ಇಡೀ ಮೈ ತಿರುಗಿಸುವುದು. ಮೈ ಜೊತೆ ನಳಿಗೆಯೂ ತಿರುಗುತ್ತದೆ ಅಲ್ವಾ! ತಲೆ ಮಾತ್ರ ತಿರುಗಿಸಿ. ಕಿವಿಗೆ ಪ್ಲಗ್ ಹಾಕಿ. ತೋಟಾದಲ್ಲಿ ಸೀಸ ಇರುತ್ತದೆ, ಹಾಗಾಗಿ ಕೈ ತೊಳೆಯದೆ ಬಾಳೆಹಣ್ಣು, ಬಿಸ್ಕತ್ತು ಏನನ್ನೂ ಬಾಯಿಗೆ ಹಾಕಬೇಡಿ.

ಹಂತ 6: ಗುರಿ ಹೊಡೆಯುವುದು, ಸ್ಕೀ ಇಲ್ಲದೆ

ಮಲಗಿ ಹೊಡೆಯುವುದರಿಂದ ಶುರು. ಎಡ ತೋಳಿಗೆ ಪಟ್ಟಿ ಕಟ್ಟಿ ಅದನ್ನು ರೈಫಲ್ಲಿಗೆ ಕೊಂಡಿ ಹಾಕುತ್ತಾರೆ. ಅದು ‘ಸ್ಲಿಂಗ್’. ಅದು ಬಿಗಿಯಾಗಿದ್ದಾಗ ರೈಫಲ್ ಭಾರವನ್ನು ಮೂಳೆ ಮತ್ತು ಪಟ್ಟಿ ಹೊರುತ್ತವೆ, ಸ್ನಾಯು ಅಲ್ಲ. ಸ್ನಾಯು ಹೊತ್ತರೆ ನಡುಗುತ್ತದೆ. ಸರಿ ಕೂತಿದೆಯೋ ನೋಡಲು ಗುರಿ ಇಟ್ಟು, ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ಬಿಡಿ. ಗುರಿ ಪಕ್ಕಕ್ಕೆ ಹೋಗಿದ್ದರೆ ಕೈಯಿಂದ ಎಳೆದು ತರಬೇಡಿ. ಇಡೀ ಮೈಯನ್ನು ಹೊಟ್ಟೆಯ ಮೇಲೆ ತುಸು ತಿರುಗಿಸಿ.

ಡಯಾಪ್ಟರ್‌ನಲ್ಲಿ ನೋಡಿದಾಗ ಬಳೆಯೊಳಗೆ ಬಳೆ ಇಟ್ಟಂತೆ ಕಾಣುತ್ತದೆ: ಹಿಂದಿನ ತೂತು, ಮುಂದಿನ ಉಂಗುರ, ಅದರ ನಡುವೆ ಕಪ್ಪು ಬಿಲ್ಲೆ. ಕಪ್ಪಿನ ಸುತ್ತ ಬಿಳಿ ಅಂಚು ಎಲ್ಲ ಕಡೆ ಸಮ ಇದ್ದರೆ ಸಾಕು. ಕಣ್ಣು ಮುಂದಿನ ಉಂಗುರದ ಮೇಲಿರಲಿ. ಬಿಲ್ಲೆ ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ.

ಎರಡು ಮೂರು ಉಸಿರು ತೆಗೆದುಕೊಳ್ಳಿ. ಉಸಿರು ಬಿಡುತ್ತಾ ಬಂದು ಸಹಜವಾಗಿ ನಿಲ್ಲುವ ಕಡೆ ನಿಲ್ಲಿಸಿ, ಟ್ರಿಗರ್ ಮೆಲ್ಲಗೆ ಒತ್ತಿ. ನಾಲ್ಕೈದು ಸೆಕೆಂಡಿನಲ್ಲಿ ಗುಂಡು ಹೋಗದಿದ್ದರೆ ಬಿಟ್ಟುಬಿಡಿ, ಮತ್ತೆ ಉಸಿರಾಡಿ. ಉಸಿರು ಹಿಡಿದಷ್ಟೂ ಕಣ್ಣು ಮಂಜಾಗುತ್ತದೆ. ‘ಈಗ!’ ಎಂದು ಟ್ರಿಗರ್ ಎಳೆಯುವ ಚಟ ಬಿಡಲೇಬೇಕು. ಎಳೆದರೆ ನಳಿಗೆ ಅಲುಗುತ್ತದೆ.

ಕನ್ನಡಕದವರೇ ನಮ್ಮಲ್ಲಿ ಜಾಸ್ತಿ. ಮಲಗಿದಾಗ ಗಾಜಿನ ಮೇಲಂಚಿನಿಂದ ನೋಡಬೇಕಾಗುತ್ತದೆ, ಅಲ್ಲಿ ನೋಟ ಸರಿ ಇರುವುದಿಲ್ಲ. ಬೆವರಿಗೆ ಮಂಜು ಕೂಡ ಕೂರುತ್ತದೆ. ಒಗ್ಗುವುದಾದರೆ ಕಾಂಟ್ಯಾಕ್ಟ್ ಲೆನ್ಸ್ ಒಳ್ಳೆಯದು. ಯಾವ ಕಣ್ಣು ನಿಮಗೆ ಪ್ರಧಾನ ಎಂಬುದನ್ನು ಮೊದಲ ದಿನವೇ ತರಬೇತುದಾರರಿಂದ ನೋಡಿಸಿಕೊಳ್ಳಿ. ಇನ್ನೊಂದು ಕಣ್ಣು ಮುಚ್ಚುವ ಬದಲು ಅದರ ಮುಂದೆ ಚಿಕ್ಕ ಮರೆ ಇಡಿ, ಮುಖ ಬಿಗಿಯುವುದಿಲ್ಲ.

ಮಲಗಿ ಐದರಲ್ಲಿ ಮೂರು, ನಾಲ್ಕು ಸಲೀಸಾಗಿ ಬೀಳಲು ಶುರುವಾದ ಮೇಲೆ ನಿಲ್ಲುವ ಭಂಗಿ. ಇಲ್ಲಿ ಸ್ಲಿಂಗ್ ಇಲ್ಲ. ಎಡ ಮೊಣಕೈಯನ್ನು ಪಕ್ಕೆಗೆ, ಸೊಂಟದ ಮೂಳೆಯ ಮೇಲೆ ಊರಿ, ನಡು ಸ್ವಲ್ಪ ಮುಂದಕ್ಕೆ ತಳ್ಳಿ ನಿಲ್ಲಬೇಕು. ರೈಫಲ್ ಅಲ್ಲಾಡುವುದು ಯಾರಿಗೂ ನಿಲ್ಲುವುದಿಲ್ಲ. ಅಲ್ಲಾಟ ಚಿಕ್ಕದಾದ ಹೊತ್ತಿನಲ್ಲಿ ಒತ್ತುವುದೇ ಅಭ್ಯಾಸ.

ತೋಟಾ ಇಲ್ಲದೆ ಇದನ್ನೆಲ್ಲ ಮಾಡುವುದಕ್ಕೆ ‘ಡ್ರೈ ಫೈರ್’ ಅನ್ನುತ್ತಾರೆ. ಆಟದಲ್ಲಿ ಪಳಗಿದವರ ಹೆಚ್ಚಿನ ಶೂಟಿಂಗ್ ಅಭ್ಯಾಸ ಇದೇ. ಆದರೆ ಕೆಲವು .22 ರೈಫಲ್ಲುಗಳಲ್ಲಿ ಸುಮ್ನೆ ಖಾಲಿ ಹೊಡೆದರೆ ತೋಟಾಕ್ಕೆ ಬಡಿಯುವ ಒಳಗಿನ ಮುಳ್ಳು ಹಾಳಾಗುತ್ತದೆ. ರೈಫಲ್ ಕೊಟ್ಟವರನ್ನು ಕೇಳಿಯೇ ಮಾಡಿ.

ಹಂತ 7: ಎರಡನ್ನೂ ಸೇರಿಸುವುದು

ಬಯಾಥ್ಲಾನ್ ನಿಜಕ್ಕೂ ಶುರುವಾಗುವುದು ಈ ಹಂತದಿಂದ. ಇದಕ್ಕೆ ಹಿಮ ಬರಲಿ ಎಂದು ಕಾಯಬೇಕಾಗಿಲ್ಲ. ಮೊದಲು ಕಾಲಲ್ಲೇ ಎರಡು ನಿಮಿಷ ಓಡಿ ಬಂದು ಮಲಗಿ ಐದು ಹೊಡೆಯಿರಿ. ಏದುಸಿರಿನಲ್ಲಿ ನಳಿಗೆ ಮೇಲೆ ಕೆಳಗೆ ಆಡುವುದು ಕಂಡು ಗಾಬರಿಯಾಗುತ್ತದೆ. ಎಲ್ಲರಿಗೂ ಹಾಗೇ. ಆ ಆಟ ಉಸಿರಿನ ಜೊತೆ ನೇರ ಮೇಲೆ ಕೆಳಗೆ ಇದ್ದರೆ ಭಂಗಿ ಸರಿ ಇದೆ ಎಂದರ್ಥ. ಓರೆಯಾಗಿ ಆಡಿದರೆ ಮೈಯ ಕೋನ ತಪ್ಪಿದೆ.

ಸ್ಕೀ ಮೇಲೆ ಬರುವಾಗ ರೇಂಜಿಗೆ ಇನ್ನೂರು ಮೀಟರ್ ಇರುವಾಗಲೇ ವೇಗ ಇಳಿಸಿ. ಇದೇ ಹೊಸಬರಿಗೆ ಒಗ್ಗದ ಮಾತು. ಹಿಂದಿನವರು ದಾಟಿ ಹೋದಾಗ ಕಾಲು ತಾನಾಗಿ ಓಡುತ್ತದೆ. ಲೆಕ್ಕ ಹಾಕಿ ನೋಡಿ: ಹೊಸಬರಿಗೆ ಒಂದು ದಂಡದ ಸುತ್ತು ಹೆಚ್ಚುಕಡಿಮೆ ಒಂದು ನಿಮಿಷ ತಿನ್ನುತ್ತದೆ. ಇನ್ನೂರು ಮೀಟರ್ ನಿಧಾನ ಬಂದರೆ ಹೋಗುವುದು ಹದಿನೈದು ಇಪ್ಪತ್ತು ಸೆಕೆಂಡು. ಮ್ಯಾಟ್ ಮೇಲೆ ಎರಡು ಉಸಿರು ಜಾಸ್ತಿ ತೆಗೆದುಕೊಂಡರೆ ಹೋಗುವುದು ಐದಾರು ಸೆಕೆಂಡು. ಒಂದು ಬಿಲ್ಲೆ ಹೆಚ್ಚು ಬಿದ್ದರೂ ನಿಧಾನವೇ ಲಾಭ. ವಿಶ್ವಮಟ್ಟದವರು ಅರ್ಧ ನಿಮಿಷದೊಳಗೆ ಐದೂ ಹೊಡೆದು ಎದ್ದು ಹೋಗುವುದನ್ನು ಟಿವಿಯಲ್ಲಿ ನೋಡಿ ಅವಸರ ಕಲಿಯಬೇಡಿ. ನೀವು ಒಂದೂವರೆ ನಿಮಿಷ ತೆಗೆದುಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ.

ಮ್ಯಾಟ್ ಮೇಲೆ ಮಾಡುವ ಕೆಲಸಕ್ಕೆ ಒಂದು ಖಾಯಂ ಕ್ರಮ ಮಾಡಿಕೊಳ್ಳಿ. ಕೋಲು ಕೆಳಗಿಡು, ಬಾವುಟ ನೋಡು, ಮಲಗು, ಸ್ಲಿಂಗ್ ಹಾಕು, ಮ್ಯಾಗಝೀನ್ ಹಾಕು, ಉಸಿರಾಡು. ಪ್ರತಿ ಸಲವೂ ಇದೇ ಸಾಲು. ಸುಸ್ತಾದಾಗ ತಲೆ ಓಡುವುದಿಲ್ಲ, ಈ ಕ್ರಮವೇ ಕೈಹಿಡಿಯುತ್ತದೆ. ಬಾವುಟ ಎಂದರೆ ರೇಂಜಿನಲ್ಲಿ ಗಾಳಿ ತೋರಿಸಲು ನೆಟ್ಟಿರುವ ಚಿಕ್ಕ ಬಾವುಟಗಳು. ಅಭ್ಯಾಸದ ಹೊತ್ತಿನಲ್ಲಿ ಸೈಟ್, ಅಂದರೆ ಗುರಿಸಾಧನ, ಸರಿಮಾಡಿಕೊಂಡಾಗ ಹೇಗಿದ್ದವೋ ಈಗಲೂ ಹಾಗೇ ಇವೆಯಾ ಎಂದಷ್ಟೇ ನೋಡಿ. ಗಾಳಿ ತೀರ ಬದಲಾಗಿದ್ದರೆ ಮಾತ್ರ ಡಯಾಪ್ಟರ್‌ನ ಗುಂಡಿ ತಿರುಗಿಸುವ ಮಾತು. ಮೊದಲ ವರ್ಷ ಅದರ ತಂಟೆಗೆ ಹೋಗದಿದ್ದರೂ ನಡೆಯುತ್ತದೆ.

ರೈಫಲ್ ಬೆನ್ನಿಗೆ ಹಾಕಿಕೊಂಡು ಸ್ಕೀ ಮಾಡಲು ಅವಸರ ಬೇಡ. ಹೊಸಬರ ರೈಫಲ್ ರೇಂಜಿನ ಸ್ಟ್ಯಾಂಡಿನಲ್ಲೇ ಇರುತ್ತದೆ. ಬಂದು ಎತ್ತಿಕೊಂಡು, ಹೊಡೆದು, ಅಲ್ಲೇ ಇಟ್ಟು ಹೋಗಬೇಕು. ಇಳಿಜಾರಿನಲ್ಲಿ ಬೀಳುವುದು ಪೂರ್ತಿ ಕಡಿಮೆಯಾದ ಮೇಲೆ ಬೆನ್ನಿಗೇರಿಸಲು ಕಲಿಸುತ್ತಾರೆ.

ಹಂತ 8: ಹಿಮವಿಲ್ಲದ ತಿಂಗಳುಗಳು, ಹಿಮವಿಲ್ಲದ ಊರುಗಳು

ಬೇಸಿಗೆಯಲ್ಲಿ ಚಕ್ರದ ಸ್ಕೀ, ಅಂದರೆ ರೋಲರ್ ಸ್ಕೀ ಮೇಲೆ ಅಭ್ಯಾಸ ನಡೆಯುತ್ತದೆ. ಬಹುಪಾಲು ರೋಲರ್ ಸ್ಕೀಗಳಿಗೆ ಬ್ರೇಕ್ ಇರುವುದಿಲ್ಲ. ಹೆಲ್ಮೆಟ್, ಕೈಗವಸು ಬೇಕೇ ಬೇಕು. ನಿಧಾನ ಉರುಳುವ ಚಕ್ರವನ್ನೇ ಕೇಳಿ ತೆಗೆದುಕೊಳ್ಳಿ. ಇಳಿಜಾರಿಲ್ಲದ, ವಾಹನವಿಲ್ಲದ ರಸ್ತೆ ಹುಡುಕಿ. ಓಡಿ ಬಂದು ಹೊಡೆಯುವ ಬೇಸಿಗೆ ಸ್ಪರ್ಧೆಗಳನ್ನೂ ಕೆಲವು ಕ್ಲಬ್ಬುಗಳು ನಡೆಸುತ್ತವೆ. ಹೊಸಬರಿಗೆ ಅದು ಬಹಳ ಒಳ್ಳೆಯ ಬಾಗಿಲು, ಏಕೆಂದರೆ ಸ್ಕೀಯ ಚಿಂತೆ ಇಲ್ಲ.

ಬೆಂಗಳೂರಿನಿಂದ ಕೇಳುವವರಿಗೆ: ಗುಲ್‌ಮಾರ್ಗ್, ಔಲಿಯಲ್ಲಿ ಪ್ರವಾಸಿಗಳಿಗೆ ಕಲಿಸುವುದು ಹೆಚ್ಚಾಗಿ ಇಳಿಜಾರು ಸ್ಕೀಯಿಂಗ್. ಬಯಾಥ್ಲಾನ್ ಬೇರು ಬಿಟ್ಟಿರುವುದು ಸೈನ್ಯ ಮತ್ತು ಗಡಿಪಡೆಗಳಲ್ಲಿ. ಆದರೆ ನೀವು ಊರಲ್ಲೇ ಮಾಡಬಹುದಾದ್ದು ಇದೆ. 10 ಮೀಟರ್ ಏರ್ ರೈಫಲ್ ಕಲಿಸುವ ರೇಂಜುಗಳು ನಗರದಲ್ಲಿವೆ. ಅಲ್ಲಿ ನಿಂತು ಹೊಡೆಯುವ ಭಂಗಿ, ಉಸಿರು, ಟ್ರಿಗರ್ ಮೂರೂ ಕಲಿಯಬಹುದು. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಶನ್‌ನ ‘ಟಾರ್ಗೆಟ್ ಸ್ಪ್ರಿಂಟ್’ ಎಂಬ ಆಟವೂ ಇದೆ. ಅದರಲ್ಲಿ ಓಟದ ನಡುವೆ 10 ಮೀಟರ್ ದೂರದ ಐದು ಬಿಲ್ಲೆಗಳನ್ನು ಏರ್ ರೈಫಲ್‌ನಿಂದ ಬೀಳಿಸಬೇಕು. ಕಾಲಿಗೆ ಇನ್‌ಲೈನ್ ಸ್ಕೇಟ್ ಸಾಕು, ಪಕ್ಕಕ್ಕೆ ಒತ್ತಿ ಭಾರ ಬದಲಿಸುವುದು ಅದರಲ್ಲೂ ಬರುತ್ತದೆ.

ಅಮೆರಿಕದಲ್ಲಿ ವೀಸಾ ಕಾರಣಕ್ಕೆ ರೈಫಲ್ ಮುಟ್ಟಲಾಗದವರಿಗೂ ಇದೇ ದಾರಿ. ಅಲ್ಲಿನ ಕೇಂದ್ರ ಕಾನೂನಿನ ಲೆಕ್ಕದಲ್ಲಿ ಏರ್ ರೈಫಲ್ ಬಂದೂಕಲ್ಲ. ಆದರೆ ಕೆಲವು ರಾಜ್ಯಗಳು ಬೇರೆ ರೀತಿ ನೋಡುತ್ತವೆ, ಹಾಗಾಗಿ ಅದನ್ನೂ ವಕೀಲರ ಹತ್ತಿರ ಕೇಳಿಕೊಳ್ಳಿ. ಲೇಸರ್ ರೈಫಲ್ ಇಟ್ಟುಕೊಂಡಿರುವ ಕ್ಲಬ್ಬುಗಳೂ ಇವೆ.

ಹಂತ 9: ಮೊದಲ ರೇಸ್

ಕ್ಲಬ್ ನಡೆಸುವ ಚಿಕ್ಕ ಸ್ಪ್ರಿಂಟ್ ರೇಸಿನ ‘ನೊವಿಸ್’, ಅಂದರೆ ಹೊಸಬರ ವಿಭಾಗಕ್ಕೆ ಹೆಸರು ಕೊಡಿ. ಸ್ಪ್ರಿಂಟ್‌ನಲ್ಲಿ ಎರಡು ಸಲ ಮಾತ್ರ ಶೂಟಿಂಗ್. ದೊಡ್ಡ ಸ್ಪರ್ಧೆಗಳಲ್ಲಿ ಅದು ಗಂಡಸರಿಗೆ 10, ಹೆಂಗಸರಿಗೆ 7.5 ಕಿಲೋಮೀಟರ್. ಹೊಸಬರಿಗೆ ದೂರ ಕಡಿಮೆ ಇಟ್ಟಿರುತ್ತಾರೆ. ಎರಡೂ ಸಲ ಮಲಗಿಯೇ ಹೊಡೆಯಲು ಬಿಡುವ ಕ್ಲಬ್ಬುಗಳೂ ಇವೆ.

ಒಂದು ಗಂಟೆ ಮುಂಚೆ ಹೋಗಿ. ರೇಸಿಗೆ ಮೊದಲು ‘ಝೀರೋಯಿಂಗ್’ ಇರುತ್ತದೆ. ಕಾಗದದ ಗುರಿಗೆ ಹೊಡೆದು ಅವತ್ತಿನ ಗಾಳಿ, ಬೆಳಕಿಗೆ ಸೈಟ್ ಸರಿಮಾಡಿಕೊಳ್ಳುವ ಹೊತ್ತು ಅದು. ತಪ್ಪಿಸಿಕೊಂಡರೆ ಇಡೀ ರೇಸು ಕುರುಡು. ನಿಮಗೆ ಒಗ್ಗಿರುವ ತೋಟಾವನ್ನೇ ಬಳಸಿ, ‘ಸ್ಟ್ಯಾಂಡರ್ಡ್ ವೆಲಾಸಿಟಿ’ಯದ್ದೇ ಇರಲಿ. ಹೆಚ್ಚು ವೇಗದ ತೋಟಾಕ್ಕೆ ನಿಯಮದಲ್ಲಿ ಅವಕಾಶವಿಲ್ಲ, ಉಕ್ಕಿನ ಗುರಿಗಳೂ ಹಾಳಾಗುತ್ತವೆ.

ರೇಸಿನಲ್ಲಿ ಹೊಸಬರಿಗೆ ಆಗುವ ಎಡವಟ್ಟು ಎರಡು. ಒಂದು, ಪಕ್ಕದ ಸಾಲಿನ ಬಿಲ್ಲೆಗೆ ಹೊಡೆಯುವುದು. ಅದು ಬಿದ್ದರೂ ನಿಮಗೆ ಲೆಕ್ಕವಿಲ್ಲ, ತಪ್ಪೇ. ಮಲಗುವ ಮೊದಲು ಸಾಲಿನ ನಂಬರ್ ಬಾಯಲ್ಲಿ ಹೇಳಿಕೊಳ್ಳಿ. ಇನ್ನೊಂದು, ದಂಡದ ಸುತ್ತು ಎಣಿಸಲು ಮರೆಯುವುದು. ಎಷ್ಟು ಹಾಕಬೇಕು ಎಂದು ಯಾರೂ ಕೂಗಿ ಹೇಳುವುದಿಲ್ಲ, ಎಣಿಸುವುದು ನಿಮ್ಮ ಜವಾಬ್ದಾರಿ. ಅಂತರರಾಷ್ಟ್ರೀಯ ನಿಯಮದಲ್ಲಿ ಬಿಟ್ಟ ಒಂದೊಂದು ಸುತ್ತಿಗೂ ಎರಡು ನಿಮಿಷ ಸೇರಿಸುತ್ತಾರೆ. ಮ್ಯಾಟ್ ಬಿಟ್ಟು ಏಳುವಾಗ ಬೀಳದೆ ಇನ್ನೂ ಕಪ್ಪಾಗಿ ಉಳಿದಿರುವ ಬಿಲ್ಲೆ ಎಷ್ಟು ಎಂದು ನೋಡಿ, ಅಷ್ಟು ಬೆರಳು ಮಡಚಿಕೊಂಡು ಹೊರಡಿ. ಗೊಂದಲವಾದರೆ ಒಂದು ಸುತ್ತು ಜಾಸ್ತಿಯೇ ಹಾಕಿ.

ಮುಗಿದ ಮೇಲೆ ಫಲಿತಾಂಶದ ಹಾಳೆ ಕೇಳಿ ತೆಗೆದುಕೊಳ್ಳಿ. ಸ್ಥಾನ ನೋಡುವ ಬದಲು ಎರಡು ಅಂಕಿ ನೋಡಿ: ಎಷ್ಟು ಬಿಲ್ಲೆ ಬಿತ್ತು, ಸ್ಕೀ ಮಾಡಲು ಎಷ್ಟು ಹೊತ್ತಾಯಿತು. ಹೆಚ್ಚಿನ ಹೊಸಬರಿಗೆ ಹೋದ ಸಮಯದಲ್ಲಿ ದೊಡ್ಡ ಪಾಲು ಏರುಗಳಲ್ಲೇ ಇರುತ್ತದೆ. ಹಾಗಿದ್ದರೆ ಮುಂದಿನ ವರ್ಷದ ದುಡ್ಡು ಸ್ಕೀ ಪಾಠಕ್ಕೆ, ರೋಲರ್ ಸ್ಕೀಗೆ ಹೋಗಲಿ.

ಸ್ವಂತ ರೈಫಲ್ ಮಾತು ಅದಾದ ಮೇಲೆ. ಜರ್ಮನಿಯ ಆನ್ಶುಟ್ಝ್ ಕಂಪನಿಯ 1827 ಫೋರ್ಟ್‌ನರ್ ಮಾದರಿಯನ್ನೇ ದೊಡ್ಡ ಸ್ಪರ್ಧೆಗಳಲ್ಲಿ ಬಹಳ ಜನ ಬಳಸುತ್ತಾರೆ. ಬೋಲ್ಟನ್ನು ತಿರುಗಿಸದೆ ಬೆರಳಲ್ಲಿ ನೇರ ಎಳೆದು ತಳ್ಳಬಹುದು, ಅದೇ ಅದರ ಹೆಚ್ಚುಗಾರಿಕೆ. ಹೊಸದಕ್ಕೆ ಮೂರು ಸಾವಿರ ಡಾಲರಿಗೂ ಮೇಲೆ ಬೀಳುತ್ತದೆ. ಎರಡು ಚಳಿಗಾಲ ಕ್ಲಬ್ ರೈಫಲ್ಲಿನಲ್ಲಿ ಹೊಡೆದಾದ ಮೇಲೆ, ಕ್ಲಬ್ಬಿನಲ್ಲಿ ಯಾರಾದರೂ ಹಳೆಯದು ಮಾರುತ್ತಾರಾ ಎಂದು ಕೇಳಿ. ಹಿಡಿ ನಿಮ್ಮ ತೋಳಿಗೆ, ಕೆನ್ನೆಗೆ ಹೊಂದುತ್ತದಾ ಎಂದು ಮಲಗಿ, ನಿಂತು, ದಪ್ಪ ಬಟ್ಟೆ ಹಾಕಿಕೊಂಡೇ ನೋಡಿ ಕೊಳ್ಳಿ. ಮನೆಯಲ್ಲಿ ಬೀಗ ಹಾಕುವ ಉಕ್ಕಿನ ಪೆಟ್ಟಿಗೆ ಮೊದಲು ಬರಲಿ, ರೈಫಲ್ ಆಮೇಲೆ. ತೋಟಾ ಬೇರೆ ಕಡೆ, ಬೇರೆ ಬೀಗದಲ್ಲಿ ಇರಲಿ.